ಎಡಗಾಲಿನ ಬ್ರೇಕು

ಬಲಗಾಲಿನ ಹರಡು ಮರಗಟ್ಟಿಹೋದ ಮೇಲೆ ಟೈಲರನ ಜಂಬ ಅರ್ಧ ಇಳಿದಿತ್ತು. ಉಳಿದರ್ಧ ಅಂಗಡಿಯ ಪಕ್ಕದಲ್ಲಿ ಟಾರ್ಪಾಲು ಹೊದ್ದು ನಿಂತಿತ್ತು. ಅದು ಅವನ ಹಳೆಯ ಮೋಟಾರು ಸೈಕಲ್ಲು. ಆ ಕಾಲದ ಆ ಗಾಡಿಯಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಗೇರು ಇಳಿಸಬೇಕೆಂದರೆ ಬಲಗಾಲಿನ ತುದಿಯಿಂದ ಲಿವರನ್ನು ಮೇಲಕ್ಕೆ ಎತ್ತಬೇಕು. ಟೈಲರನ ಕಾಲು ಒತ್ತುತ್ತಿತ್ತು, ಎತ್ತುತ್ತಿರಲಿಲ್ಲ. ಮಾರಿಬಿಡಿ ಅಂದವರಿಗೆ, "ನಿಮ್ಮಜ್ಜನ್ನ ಮೊದಲು ಮಾರಿ ಬನ್ನಿ, ಆಮೇಲೆ ನೋಡೋಣ" ಅಂತ ಉರಿದುಬೀಳುತ್ತಿದ್ದ. ಸಾಯುವುದರೊಳಗೆ ಇನ್ನೊಮ್ಮೆ ಅದನ್ನು ಓಡಿಸಬೇಕು ಎನ್ನುವುದು ಬಿಟ್ಟರೆ ಅವನಿಗೆ ಬೇರೆ ಆಸೆಯೇ ಇರಲಿಲ್ಲ.

ದಾರಿ ತೋರಿಸಿದವನು ಹೆಂಡತಿಯ ತಮ್ಮ, ಮೆಕ್ಯಾನಿಕ್.

"ಭಾವ, ಹೊಸ ಮಾಡೆಲ್ಲಿಂದು ಐದು ಗೇರಿನ ಬಾಕ್ಸು ಸಿಕ್ಕಿದೆ. ಇದಕ್ಕೆ ಕೂರಿಸಿಬಿಡ್ತೀನಿ. ಗೇರು ಎಡಗಾಲಿಗೆ ಬರುತ್ತೆ, ಬ್ರೇಕು ಬಲಗಾಲಿಗೆ. ಬಲಗಾಲಲ್ಲಿ ಒತ್ತಿದ್ರೆ ಸಾಕು, ಎತ್ತೋ ಗೋಜೇ ಇಲ್ಲ."

"ಮುದುಕಿಗೆ ಹೊಸ ಹಲ್ಲು ಕಟ್ಟಿಸ್ತೀಯಾ ಅನ್ನು."

"ಕಟ್ಟಿಸಿದ್ರೆ ಕಡಲೆನೂ ಕಡೀತಾಳೆ, ನೋಡ್ತಿರಿ."

ಹೇಳಿದಷ್ಟು ಸಲೀಸಾಗಿರಲಿಲ್ಲ ಕೆಲಸ. ಹಳೆಯ ಬಾಕ್ಸು ಇಳಿಸಿ ಹೊಸದನ್ನು ಎಂಜಿನ್ನಿನ ಬೆನ್ನಿಗೆ ಹಚ್ಚಿದಾಗ ಬೋಲ್ಟಿನ ತೂತುಗಳೇನೋ ಕೂಡಿದವು, ಕ್ಲಚ್ಚಿನ ಕೇಬಲ್ಲು ಗಿಡ್ಡವಾಯಿತು. ಹಿಂಚಕ್ರದ ಬ್ರೇಕಿನ ರಾಡು ಎಡಗಡೆಗೇ ಉಳಿಯಿತು, ಪೆಡಲು ಬಲಗಡೆಗೆ ಬಂತು. ಎರಡನ್ನೂ ಜೋಡಿಸಲು ಅವನು ಚಾಸಿಯ ಅಡಿಯಲ್ಲಿ ಅಡ್ಡ ಸರಳೊಂದನ್ನು ಹಾಯಿಸಿ ವೆಲ್ಡ್ ಮಾಡಿದ. ಟೈಲರ್ ಸ್ಟೂಲು ಹಾಕಿಕೊಂಡು ಕೂತು, ಹೆರಿಗೆ ಕೋಣೆಯ ಹೊರಗೆ ಕಾಯುವವನಂತೆ ಚಡಪಡಿಸಿದ.

"ಹತ್ತು ಸಲ ಹೇಳ್ತೀನಿ ಕೇಳಿ ಭಾವ. ತಲೆ ಕಲಿತ್ರೆ ಸಾಲಲ್ಲ, ಕಾಲು ಕಲೀಬೇಕು. ಬ್ರೇಕು ಬಲಕ್ಕೆ."

"ನನಗೇ ಪಾಠ ಹೇಳ್ತೀಯೇನೋ? ನೀನು ಚಡ್ಡಿ ಹಾಕ್ಕೊಳ್ಳೋಕೆ ಮುಂಚೆ ಈ ಗಾಡಿ ಓಡಿಸಿದೋನು ನಾನು!"

ಗಾಡಿ ಗ್ಯಾರೇಜಿನಿಂದ ಹೊರಬಿತ್ತು. ಓಣಿಯ ತುದಿಯವರೆಗೆ ಟೈಲರ್ "ಬ್ರೇಕು ಬಲಕ್ಕೆ, ಬ್ರೇಕು ಬಲಕ್ಕೆ" ಎಂದು ಗೊಣಗುತ್ತಲೇ ಹೋದ. ದೊಡ್ಡ ರಸ್ತೆಯಲ್ಲಿ ಮುಖಕ್ಕೆ ಗಾಳಿ ಬಡಿದದ್ದೇ ತಡ, ಗೊಣಗುವುದು ನಿಂತಿತು. ವಯಸ್ಸು ಇಳಿಯಿತು, ಕಾಲುನೋವು ಮರೆತುಹೋಯಿತು. ಒಂದು ಸುತ್ತು ಹಾಕಿ ಮತ್ತೆ ಓಣಿಗೆ ತಿರುಗಿದಾಗ ಗ್ಯಾರೇಜಿನ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಊಟದ ಡಬ್ಬಿ ಹಿಡಿದು ಬಂದವಳು ಗಾಡಿಯ ಸದ್ದಿಗೆ ಓಣಿಯ ನಡುವಿಗೇ ಬಂದು ನಗುತ್ತಿದ್ದಳು. ಅವಳ ಮುಂದೆ ಠೀವಿಯಿಂದ ನಿಲ್ಲಿಸೋಣ ಅಂತ ಟೈಲರ್ ಎಡಗಾಲನ್ನು ಬಲವಾಗಿ ಒತ್ತಿದ.

ಎಂಜಿನ್ನು ಕಿರುಚಿತು. ಗಾಡಿ ಜಗ್ಗಿತು, ನಿಲ್ಲಲಿಲ್ಲ. ಅವನು ಇನ್ನೂ ಜೋರಾಗಿ ತುಳಿದ, ಎಡಗಾಲಲ್ಲೇ. ಕೈಬ್ರೇಕು ಅನ್ನುವುದೊಂದಿದೆ ಎಂಬುದೇ ನೆನಪಾಗಲಿಲ್ಲ. "ಅಕ್ಕಾ!" ಎಂದು ಮೆಕ್ಯಾನಿಕ್ ಕೂಗಿದ. ಅವಳು ಪಕ್ಕಕ್ಕೆ ಹಾರಿದಳು, ಹ್ಯಾಂಡಲು ಅವಳ ಮೊಣಕೈ ಸವರಿಕೊಂಡು ಹೋಯಿತು, ಗಾಡಿ ಹಳೆಯ ಟಯರುಗಳ ರಾಶಿಗೆ ನುಗ್ಗಿ ಮಲಗಿತು.

ಟೈಲರಿಗೆ ಗರ ಬಡಿದಂತಾಯಿತು. ಕೊಂದೇಬಿಡುತ್ತಿದ್ದೆನಲ್ಲ, ಇವಳನ್ನು ಕೊಂದೇಬಿಡುತ್ತಿದ್ದೆನಲ್ಲ!

"ನಾನು ಬ್ರೇಕೇ ತುಳಿದೆ," ಎಂದ. "ದೇವರಾಣೆಗೂ ನಾನು ಬ್ರೇಕೇ ತುಳಿದೆ ಕಣೇ!"

ನೆಲದ ಮೇಲೆ ಕೂತಿದ್ದ ಹೆಂಡತಿ ತಲೆಯೆತ್ತಿದಳು. ಅವಳ ಮುಖದಲ್ಲಿ ಭಯ ಇರಲಿಲ್ಲ.

"ಇದೇ ಮಾತಲ್ವೇನ್ರೀ ನಾನೂ ಹೇಳಿದ್ದು?"

ಹೇಳಿದ್ದಳು. ಮದುವೆಯಾದ ಹೊಸತರಲ್ಲಿ, ಅಪ್ಪನ ಗಾಡಿ ಓಡಿಸಿ ಗೊತ್ತು ಅಂತ ಹಟ ಹಿಡಿದು ಈ ಗಾಡಿ ಹತ್ತಿ, ಇಪ್ಪತ್ತು ಮಾರು ಹೋಗಿ ಚರಂಡಿಗೆ ಬಿದ್ದಿದ್ದಳು. ಕೆಸರು ಮೆತ್ತಿಕೊಂಡು ಎದ್ದು, ನಾನು ಬ್ರೇಕೇ ತುಳಿದೆ ಅಂತ ಅತ್ತಿದ್ದಳು. ಅದನ್ನು ಟೈಲರ್ ಹೇಳದ ಮದುವೆಮನೆಯಿಲ್ಲ, ನಗಿಸದ ನೆಂಟರಿಲ್ಲ. "ನಮ್ಮವಳು ಗೇರು ತುಳಿದು ಬ್ರೇಕು ಅಂತಾಳೆ" ಅಂದರೆ ಸಾಕು, ಪಂಕ್ತಿಯೇ ಬಿದ್ದು ಬಿದ್ದು ನಗುತ್ತಿತ್ತು. ಅವಳೂ ನಗುತ್ತಿದ್ದಳು. ಆಮೇಲೆ ಗಾಡಿ ಮುಟ್ಟಲಿಲ್ಲ.

"ಅಪ್ಪನ ಗಾಡೀಲಿ ಬ್ರೇಕು ಬಲಕ್ಕಿತ್ತು," ಮೆಕ್ಯಾನಿಕ್ ತನಗೇ ಹೇಳಿಕೊಳ್ಳುವಂತೆ ಅಂದ. "ಥತ್, ನಾನೂ ನಗ್ತಿದ್ದೆನಲ್ಲ. ಭಾವ, ಇದರಲ್ಲಿ ಎಡಕ್ಕಿದೆ ಅಂತ ಅವತ್ತು ಅಕ್ಕಂಗೆ ಹೇಳಿದ್ರಾ?"

ಟೈಲರ್ ಹೇಳಿರಲಿಲ್ಲ. ಬ್ರೇಕು ಎಡಕ್ಕಲ್ಲದೆ ಬೇರೆಲ್ಲಿರುತ್ತದೆ ಎಂದುಕೊಂಡಿದ್ದ. ಹತ್ತು ಸಲ ಹೇಳಿಸಿಕೊಂಡ ತನ್ನ ಕಾಲೇ ಹೀಗೆ ಮಾಡಿತು. ಅವಳಿಗೆ ಒಂದು ಸಲವೂ ಯಾರೂ ಹೇಳಿರಲಿಲ್ಲ.

ಅವಳು ಎದ್ದಳು. ತಮ್ಮನ ಕೈಯಲ್ಲಿ ಗಾಡಿ ಎತ್ತಿಸಿದಳು. ಸೀರೆಯ ನೆರಿಗೆ ಸಿಕ್ಕಿಸಿ ಹತ್ತಿ ಕೂತು, ಒಂದೇ ಒದೆತಕ್ಕೆ ಎಂಜಿನ್ನು ಎಬ್ಬಿಸಿದಳು. ಮೊದಲು ಗಾಡಿ ಸ್ವಲ್ಪ ತೂಗಾಡಿತು, ಆಮೇಲೆ ನೆಟ್ಟಗಾಯಿತು. ಓಣಿಯ ತುದಿಯಲ್ಲಿ ತಿರುಗಿಸಿಕೊಂಡು ಬಂದು, ಬಲಗಾಲು ಒತ್ತಿ, ಗಂಡನ ಮುಂದೆ ನಿಲ್ಲಿಸಿದಳು. ಮೊಣಕೈಯಿಂದ ರಕ್ತ ಇಳಿಯುತ್ತಿತ್ತು.

"ನನಗೆ ಬರ್ತಿತ್ತು," ಅಂದಳು. ಯಾರೋ ಕೆನ್ನೆಗೆ ಹೊಡೆದಂತಿತ್ತು ಅವಳ ಮುಖ. "ಮಗಳಿಗೆ ಫಿಟ್ಸ್ ಬಂದ ದಿನ ನೀವು ಊರಲ್ಲಿರಲಿಲ್ಲ. ಗಾಡಿ ಬಾಗಿಲಲ್ಲೇ ಇತ್ತು, ಕೀ ಮೊಳೇಲಿ ನೇತಾಡ್ತಿತ್ತು. ನನಗೆ ಬರಲ್ಲ ಅಂದ್ಕೊಂಡು ಮಗೂನ ಹೊತ್ಕೊಂಡು ಆಸ್ಪತ್ರೆಗೆ ಓಡಿದೆನಲ್ರೀ. ಬದುಕಿದ್ದು ಅವಳ ಪುಣ್ಯ."

ಟೈಲರ್ ಅವಳ ಕಡೆಗೆ ಒಂದು ಹೆಜ್ಜೆ ಇಟ್ಟ.

"ಇಳಿ... ಕೈಗೆ ಬಟ್ಟೆ ಕಟ್ಟೋಣ."

"ಆಮೇಲೆ," ಎಂದು ಅವಳು ಗೇರು ಹಾಕಿದಳು.