ಅಂಕಿತದ ಸಾಲು

"ತಲೆ ಇನ್ನೂ ಸ್ವಲ್ಪ ಎತ್ತಿ" ಎಂದು ಪಕ್ಕದವರಿಗೆ ಹೇಳುತ್ತಾ ಶಿಷ್ಯೆ ಶುಭಶ್ರೀ ಪರಮೇಶ್ವರಿ ಟೀಚರ ಕುತ್ತಿಗೆಯಡಿಗೆ ಮಡಚಿದ ಸೀರೆಯೊಂದನ್ನು ತೂರಿಸಿದಳು. ಬೆಳ್ತಂಗಡಿಯ ಆಸ್ಪತ್ರೆಯಿಂದ ಹೆಣ ತಂದ ಆಂಬುಲೆನ್ಸು ಆಗಲೇ ತಿರುಗಿ ಹೋಗಿತ್ತು. ನರಿಕೊಂಬಿನ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಟೀಚರ ಸಂಗೀತ ಕಛೇರಿಗೆ ಇಷ್ಟು ಜನ ಸೇರಿದ್ದನ್ನು ಅವಳೆಂದೂ ಕಂಡಿರಲಿಲ್ಲ. ಹಾಡುವಾಗ ಬರಲು ಪುರುಸೊತ್ತಿಲ್ಲದವರಿಗೆಲ್ಲ ಹಾಡು ನಿಂತ ಮೇಲೆ ಧಾರಾಳ ಪುರುಸೊತ್ತು ಸಿಕ್ಕಿತ್ತು.

ಮೂಡುಬಿದಿರೆಯಿಂದ ದೇವಿಪ್ರಸಾದ್ ಬಂದಿದ್ದ. ಟೀಚರ ಗುರು ನಾರಾಯಣಮೂರ್ತಿಗಳ ಮೊಮ್ಮಗ. ಅಜ್ಜನ ಹೆಸರಿನಲ್ಲೇ ಸಂಗೀತ ಶಾಲೆ ನಡೆಸುವವನು. ಗಂಟಲು ಸರಿಮಾಡಿಕೊಂಡು ಮಾತಿಗೆ ನಿಂತ.

"ಇವರು ಹರಿಕತೆ ಮಾಡಿದ್ರು, ಕತೆ ಸಹ ಬರೆದಿದ್ರಂತೆ. ಆದ್ರೆ ನಮ್ಮ ಅಜ್ಜನ ಹಾಡುಗಳನ್ನು ಉಳಿಸಿದ್ದೇ ಇವರ ದೊಡ್ಡ ಕೆಲಸ. ಹಾಡಿನಲ್ಲಿ ಸ್ವಂತದ್ದು ಅಂತ ಏನೂ ಇಟ್ಟುಕೊಳ್ಳಲಿಲ್ಲ."

ಟೀಚರ ಸೆರಗು ಸರಿಮಾಡುತ್ತಿದ್ದ ಶುಭಶ್ರೀ ತಲೆಯೆತ್ತಿದಳು.

*

ಹೋದ ವಾರ ಆಸ್ಪತ್ರೆಯ ಮಂಚದಲ್ಲಿ ಟೀಚರು ಅವಳ ಕೈ ಹಿಡಿದುಕೊಂಡೇ ಮಾತಾಡಿದ್ದರು.

"ಗುರುಗಳಿಗೆ ಪಾರ್ಶ್ವವಾಯು ಬಂದು ಮಾತು ನಿಂತಿತಲ್ಲ ಶುಭಾ, ಆಮೇಲೆ ಬಂದ ಹಾಡೆಲ್ಲ ನಂದು. ಸಾಹಿತ್ಯವೂ ನಂದೇ, ರಾಗವೂ ನಂದೇ."

"ಮತ್ತೆ ಕೊನೆಗೆ ತೀರನಾರಾಯಣ ಅಂತ ಅವರ ಅಂಕಿತ ಉಂಟಲ್ಲ ಟೀಚರ್?"

"ಗುರು ಇರುವಾಗ ಶಿಷ್ಯೆ ತನ್ನ ಹೆಸರು ಹಾಕುವ ಕ್ರಮ ಉಂಟಾ? ಅವರು ಹೋದ ಮೇಲೆ ಹೇಳುವ ಅಂತ ಇದ್ದೆ. ಅಷ್ಟರಲ್ಲಿ ಊರಿಡೀ ಅವರ ಹಾಡು ಅಂತ ಆಗಿತ್ತು. ಬಾಯಿ ಬರ್ಲಿಲ್ಲ. ಕತೆಗಳಿಗೆಲ್ಲ ನನ್ನ ಹೆಸರು ಹಾಕಿದೆ. ಅದು ಯಾರಿಗೂ ನೆನಪಿಲ್ಲ. ಎಲ್ಲರೂ ಹಾಡುವ ಹಾಡಲ್ಲಿ ನಾನಿಲ್ಲ."

ಉಸಿರು ಎಳೆದುಕೊಂಡು ಮತ್ತೆ ಕೇಳಿದರು. "ನಾಲ್ಕು ಜನರ ಎದುರು ಒಮ್ಮೆ ಹೇಳ್ತೀಯಾ?"

"ಹೇಳ್ತೇನೆ ಟೀಚರ್."

*

ಶುಭಶ್ರೀ ಎದ್ದು ನಿಂತು ಹೇಳಿಯೇಬಿಟ್ಟಳು. ಆಸ್ಪತ್ರೆಯಲ್ಲಿ ಕೇಳಿದ್ದನ್ನು ಒಂದೂ ಬಿಡದೆ ಹೇಳಿದಳು. ಮೂಲೆಯಲ್ಲಿ ಯಾರದೋ ಫೋನು ಬಡಿದುಕೊಂಡು ಸುಮ್ಮನಾಯಿತು.

ದೇವಿಪ್ರಸಾದನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿ. ಅವನು ಕನಿಕರದಿಂದ ನೋಡಿದ. "ಶುಭಕ್ಕ, ಇದೇ ಟೀಚರು ವೇದಿಕೆ ಮೇಲೆ 'ನಮ್ಮ ಗುರುಗಳ ಕೃತಿ' ಅಂತ ಹೇಳಿಯೇ ಹಾಡ್ತಿದ್ದದ್ದು. ನೀವೂ ಪಕ್ಕದಲ್ಲಿ ಕೂತು ಕೇಳಿದ್ದೀರಲ್ಲ?"

ಕೇಳಿದ್ದಳು, ಒಂದಲ್ಲ ನೂರು ಸಲ. ವೇದಿಕೆಯಲ್ಲಿ ಇಷ್ಟು ಚೆನ್ನಾಗಿ ಸುಳ್ಳು ಹೇಳಿ ಹೋದ ಟೀಚರ ಮೇಲೆಯೇ ಅವಳಿಗೆ ಕೋಪ ಬಂತು.

ಭಜನೆ ಹೇಳಿಸುವ ಯಶೋದಕ್ಕ ಅವಳ ಬೆನ್ನು ಸವರಿದರು. "ಕೊನೆಗೆ ಮದ್ದಿನ ಅಮಲಲ್ಲಿ ಎಂತೆಂತದೋ ಮಾತಾಡ್ತಾರೆ ಮಾರಾಯ್ತಿ. ಹೆಣದ ಎದುರು ಇದೆಲ್ಲ ಬೇಡ. ಬಾ, ಹಾಡುವ. ಹೊಳೆ ದಾಟಿಸುವ ಹಾಡೇ ಆಗಲಿ, ಅವರಿಗೆ ಇಷ್ಟದ್ದು."

ಅದೂ ಟೀಚರದ್ದೇ ಹಾಡು. ತಾನು ಬಾಯಿ ತೆರೆಯುವುದಿಲ್ಲವೆಂದು ಶುಭಶ್ರೀ ಗೋಡೆಗೆ ಒರಗಿ ಕೂತಳು. ಆದರೆ ಚರಣಕ್ಕೆ ಬರುವಾಗ ಎಲ್ಲರ ಶ್ರುತಿ ಇಳಿಯತೊಡಗಿತು. ಟೀಚರ ತಲೆಯ ಹತ್ತಿರವೇ ಅಪಸ್ವರ. ಅವಳಿಂದ ತಡೆಯಲಾಗಲಿಲ್ಲ. ಅವಳ ದನಿ ಸೇರಿದ್ದೇ ಹಾಡು ಎದ್ದು ನಿಂತಿತು. ಹೊರಗೆ ಚಟ್ಟ ಕಟ್ಟುತ್ತಿದ್ದವರು ಕೂಡ ಕೆಲಸ ನಿಲ್ಲಿಸಿ ಕೇಳಿದರು.

ಅಂಕಿತದ ಸಾಲು ಬಂತು. ಅಲ್ಲಿ ತಾಳ ಬಿಟ್ಟು, ಹಾಡು ಕಟ್ಟಿದವರಿಗೆ ಕೈಮುಗಿಯುವುದು ನಾರಾಯಣಮೂರ್ತಿಗಳ ಪಾಠದ ಪದ್ಧತಿ. ತೀರನಾರಾಯಣ ಎನ್ನುತ್ತಲೇ ಎಲ್ಲರೂ ಗೋಡೆಯಲ್ಲಿದ್ದ ಗುರುಗಳ ಪಟದ ಕಡೆ ತಿರುಗಿದರು. ನೆಲದಲ್ಲಿ ಮಲಗಿದ್ದ ಟೀಚರಿಗೆ ಅಷ್ಟೂ ಜನರ ಬೆನ್ನು. ಶುಭಶ್ರೀ ತನ್ನ ಕೈಗಳನ್ನು ನೋಡಿಕೊಂಡಳು. ಅವೂ ಮುಗಿದುಕೊಂಡಿದ್ದವು, ಪಟದ ಕಡೆಗೇ.