ಶಾಲೆಗೆ ಹೋದದ್ದು ನನ್ನ ತುಂಡು

ನಾನೊಂದು ಕೌದಿ. ಹುಬ್ಬಳ್ಳಿಯ ಈರವ್ವ ತನ್ನ ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ, ಹುಟ್ಟಲಿರುವ ಮೊಮ್ಮಗುವಿಗೆಂದು ನನ್ನನ್ನು ಹೊಲಿದಳು. ಪದರ ಹೆಚ್ಚಾಗಿ ನಾನು ಭಾರವಾದೆ. "ಇದನ್ನ ಕೂಸಿಗೆ ಹೊಚ್ಚೂದೋ, ಎತ್ತಿಗೆ ಹೊಚ್ಚೂದೋ?" ಎಂದು ಸೊಸೆ ದಾಕ್ಷಾಯಣಿ ನಕ್ಕಳು.

ಮೊಮ್ಮಗಳು ನೀಲುವಿಗೆ ಆ ಭಾರವೇ ಬೇಕಾಯಿತು. ಕುಕ್ಕರ್ ಕೂಗಿದರೆ ಸಾಕು, ಕಿವಿ ಮುಚ್ಚಿಕೊಂಡು ಓಡಿಬಂದು ನನ್ನೊಳಗೆ ನುಸುಳುತ್ತಿದ್ದಳು. ಆಟಿಸಂ, ಜೊತೆಗೆ ಆತಂಕ, ಒಂದೆಡೆ ನಿಲ್ಲಗೊಡದ ಚಡಪಡಿಕೆಯೂ ಇದೆ ಎಂದರು ಡಾಕ್ಟರು. ಏನಿದ್ದರೇನು, ನಾನಿದ್ದೇನಲ್ಲ ಎಂದು ಬೀಗಿದೆ.

ಆಮೇಲೆ ಬಂತು ಜೋಕಾಲಿ. "ಈಕಿಗೆ ಬರೇ ಹೊಚ್ಚಿದ್ರ ಸಾಲಂಗಿಲ್ರಿ, ಮೈ ಆಡಬೇಕು" ಎಂದು ಥೆರಪಿಯ ಮೇಡಂ ಪಡಸಾಲೆಯಲ್ಲಿ ಕಟ್ಟಿಸಿದರು. ನೀಲು ಜೀಕಿ ಜೀಕಿ ಇಳಿದವಳೇ ಬರೆಯಲು ಕೂರುತ್ತಿದ್ದಳು. ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ. ಹೊಸ ನೀರು ಬಂದು ಹಳೆ ನೀರನ್ನು ಕೊಚ್ಚಿಕೊಂಡು ಹೋಗಿತ್ತು. ಅದರ ಹಗ್ಗ ಹರಿಯಲಿ ಎಂದು ಶಪಿಸಿದೆ.

ನೀಲುವನ್ನು ಒಂದನೇ ತರಗತಿಗೆ ಸೇರಿಸಿದರು. ಗದ್ದಲಕ್ಕೆ ಹೆದರಿ ಅಳುತ್ತಾಳೆಂದು ಈರವ್ವ ನನ್ನನ್ನೇ ಗಂಟು ಕಟ್ಟಿ ಜೊತೆಗೆ ಕಳಿಸಿದಳು. ಜೋಕಾಲಿ ಮನೆಯಲ್ಲಿ, ನಾನು ಶಾಲೆಯಲ್ಲಿ! ನೀಲು ನನ್ನನ್ನು ತಲೆತುಂಬ ಹೊದ್ದು ಬೆಂಚಿನ ಕೆಳಗೆ ಮಲಗಿದವಳು ಸಂಜೆಯವರೆಗೂ ಹೊರಬರಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ದಾಕ್ಷಾಯಣಿಯನ್ನು ಟೀಚರ್ ಕರೆಸಿದರು. "ಹಿಂಗಾದ್ರ ಕಲಿಯೂದು ಹೆಂಗ್ರಿ? ಸೋಮವಾರದಿಂದ ಬೆಂಚಿನ ಮ್ಯಾಲ ಕುಂದ್ರಲಿಲ್ಲಂದ್ರ ಮನ್ಯಾಗ ಇಟ್ಕೋರಿ."

ಅದನ್ನು ಕೇಳಿ ಈರವ್ವ ಕತ್ತರಿ ಹುಡುಕಿದಳು.

"ಅತ್ತಿ, ಕೌದಿಗೆ ಕತ್ತರಿ ಹಾಕಬಾರ್ದು ಅಂತಾರ್ರಿ" ಎಂದಳು ದಾಕ್ಷಾಯಣಿ.

"ಕೂಸಿಗಿಂತ ಕೌದಿ ದೊಡ್ಡದೇನವಾ?"

ತೊಡೆಗಾಗುವಷ್ಟು ತುಂಡನ್ನು ನನ್ನಿಂದ ಕತ್ತರಿಸಿ, ಭಾರಕ್ಕೆಂದು ಒಳಗೆ ಹುಣಸೆಬೀಜ ತುಂಬಿ, ಅಂಚು ಹೊಲಿದಳು. ಸೋಮವಾರ ನೀಲು ಜೋಕಾಲಿ ಜೀಕಿ, ಆ ತುಂಡನ್ನು ಅವಚಿಕೊಂಡು ಹೋದಳು. ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕೂತಳಂತೆ. ಸುದ್ದಿ ಕೇಳಿ ದಾಕ್ಷಾಯಣಿ ಅಡುಗೆಮನೆಯಲ್ಲಿ ನಿಂತು ಅತ್ತಳು.

ಈಗ ನೀಲು ಏಳನೇ ತರಗತಿ. ನಾನು ಟ್ರಂಕಿನ ಮೇಲೆ ಬಿದ್ದಿದ್ದೇನೆ. ಜೋಕಾಲಿಯ ಮೇಲಿನ ಸಿಟ್ಟು ಇಳಿದಿದೆ. ನನ್ನ ಹೊಟ್ಟೆಕಿಚ್ಚೆಲ್ಲ ಆ ತುಂಡಿನ ಮೇಲೆ. ನನ್ನದೇ ಸೀರೆ, ನನ್ನದೇ ದಾರ. ಆದರೂ ಅವಳ ಗೆಳತಿಯರನ್ನು ನೋಡಿದ್ದು ಅದು, ಅವಳು ಪದ್ಯ ಹೇಳಿದ್ದನ್ನು ಕೇಳಿದ್ದು ಅದು. ಇಡೀ ನಾನೇ ಹೋಗಿದ್ದರೆ ಅವಳು ಬೆಂಚಿನ ಕೆಳಗೇ ಉಳಿಯುತ್ತಿದ್ದಳು, ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಕಿಚ್ಚು ಆರುತ್ತದೆಯೇ?

ಸಂಜೆ ನೀಲು ಅದನ್ನು ಚೀಲದಿಂದ ತೆಗೆದು ನನ್ನ ಮೇಲೆ ಎಸೆಯುತ್ತಾಳೆ. ಇವತ್ತು ಏನೇನಾಯಿತು ಎಂದು ಆಸೆಯಿಂದ ಕೇಳುತ್ತೇನೆ. ಅದು ದುಡಿದು ಬಂದವರ ಹಾಗೆ ಸುಮ್ಮನೆ ಮಲಗಿಬಿಡುತ್ತದೆ.