ನೂರಿಪ್ಪತ್ತಕ್ಕೆ ನಿಂತ ಸಾಲು

ಶೆಡ್ಡಿನ ಗಂಟೆ ಹೊಡೆಯುವುದು ಐದೂವರೆಗೆ. ಐದು ಹತ್ತಕ್ಕೇ ವಿದ್ಯಾಶ್ರೀಯ ಮೆಷಿನ್ ನಿಂತಿತು.

ಸೂಪರ್‌ವೈಸರ್ ಬಸವರಾಜೇಶ್ವರಿ ತಿರುಗಿ ನೋಡಲಿಲ್ಲ. ರಾಯದುರ್ಗದ ಈ ಜೀನ್ಸ್ ಶೆಡ್ಡಿನಲ್ಲಿ ಇಪ್ಪತ್ತಾರು ವರ್ಷ ಕಳೆದ ಅವಳಿಗೆ ನಲವತ್ತು ಮೋಟಾರಿನ ಗದ್ದಲದಲ್ಲಿ ಒಂದು ಸುಮ್ಮನಾದರೂ ಕಿವಿಗೆ ತಿಳಿಯುತ್ತಿತ್ತು. ಕೈಯಲ್ಲಿದ್ದ ಪ್ಯಾಂಟಿನ ಹೊಲಿಗೆ ಪರೀಕ್ಷಿಸಿ ಪಕ್ಕಕ್ಕಿಟ್ಟು, ಏನೋ ನೆನಪಾದವಳಂತೆ ಎದ್ದು, ಹಿಂಜೇಬು ಹಚ್ಚುವ ಸಾಲಿನ ಕಡೆ ನಡೆದಳು. ವಿದ್ಯಾಶ್ರೀ ಕತ್ತರಿಯನ್ನು ಡಬ್ಬಿಗೆ ಹಾಕಿ, ಮೆಷಿನ್ನಿಗೆ ಬಟ್ಟೆ ಹೊದಿಸಿ, ಕೈ ಕಟ್ಟಿ ಕೂತಿದ್ದಳು. ಪಕ್ಕದಲ್ಲಿ ಹತ್ತು ಹತ್ತು ಪ್ಯಾಂಟಿನ ಹನ್ನೆರಡು ಕಟ್ಟು.

"ಆತೇನು?"

"ಆತ್ರಿ ಅಕ್ಕ. ನೂರಿಪ್ಪತ್ತು."

"ಇನ್ನಾ ಇಪ್ಪತ್ತು ನಿಮಿಷ ಐತಿ."

"ಹೌದ್ರಿ." ಅಷ್ಟೇ ಹೇಳಿ ಹುಡುಗಿ ಗಡಿಯಾರ ನೋಡಿದಳು. ಮಾತಿನಲ್ಲಿ ಉದ್ಧಟತನವಿದ್ದಿದ್ದರೆ ಬಸವರಾಜೇಶ್ವರಿಗೆ ಸುಲಭವಾಗುತ್ತಿತ್ತು, ಬೈದು ಮುಗಿಸಬಹುದಿತ್ತು. ಇಲ್ಲಿ ಹಿಡಿಯಲು ಏನೂ ಇರಲಿಲ್ಲ. ಒಂದು ಕಟ್ಟು ಬಿಚ್ಚಿ ಜೇಬಿನ ಮೂಲೆಗಳನ್ನು ಉಗುರಿನಿಂದ ಎಳೆದು ನೋಡಿದಳು. ಒಂದು ದಾರವೂ ಸಡಿಲವಿರಲಿಲ್ಲ.

ಗುಮ್ಮಘಟ್ಟದ ಕಡೆಯಿಂದ ಶೇರ್ ಆಟೋದಲ್ಲಿ ಬರುವ ಈ ಹುಡುಗಿ ಸೇರಿ ಎಂಟು ತಿಂಗಳಾಗಿತ್ತು. ಮೊದಲ ಮೂರು ತಿಂಗಳು ದಿನಕ್ಕೆ ನೂರೈವತ್ತು ಪ್ಯಾಂಟಿಗೆ ಜೇಬು ಹಚ್ಚುತ್ತಿದ್ದಳು. ಊಟಕ್ಕೂ ಕೊನೆಗೆ ಏಳುತ್ತಿದ್ದಳು. ಆಮೇಲೆ ಒಂದು ಸೋಮವಾರ ಬೋರ್ಡಿನ ಮೇಲಿದ್ದ ಟಾರ್ಗೆಟ್ ನೂರಿಪ್ಪತ್ತಕ್ಕೆ ನಿಂತವಳು, ಮತ್ತೆ ಒಂದೂ ಹೆಚ್ಚು ಹಚ್ಚಲಿಲ್ಲ, ಒಂದೂ ಕಡಿಮೆ ಹಚ್ಚಲಿಲ್ಲ. ಅದೂ ಹೋಗಲಿ ಎನ್ನಬಹುದಿತ್ತು. ಆದರೆ ತಿಂಗಳೊಪ್ಪತ್ತಿನಲ್ಲಿ ಆ ಸಾಲಿನ ಆರೂ ಜನರದ್ದು ಅದೇ ಸಂಖ್ಯೆಯಾಯಿತು. ಆರು ಜನ ಆರು ಬಗೆಯ ಕೈಯವರು. ಒಬ್ಬಳಿಗೆ ಮೊಣಕೈ ನೋವು, ಇನ್ನೊಬ್ಬಳು ಮೆಷಿನ್ನೊಂದಿಗೆ ಹುಟ್ಟಿದಂಥವಳು. ಎಲ್ಲರೂ ದಿನಾ ನೂರಿಪ್ಪತ್ತಕ್ಕೇ ಹೇಗೆ ಬಂದು ನಿಲ್ಲುತ್ತಾರೆ? ಯಾರೋ ಹೇಳಿಕೊಟ್ಟಿರಬೇಕು.

ಮಾಲೀಕ ಸಿದ್ದರಾಮೇಶ್‌ಗೂ ಅದೇ ಅನುಮಾನ. ತಂದೆ ಚನ್ನಬಸವಯ್ಯನವರು ತೀರಿಕೊಂಡ ಮೇಲೆ ಶೆಡ್ಡನ್ನು ಇವನೇ ನೋಡಿಕೊಳ್ಳುತ್ತಿದ್ದ. ಬಸವರಾಜೇಶ್ವರಿಯನ್ನು ತನ್ನ ಗಾಜಿನ ಕೋಣೆಗೆ ಕರೆಸಿ ಫೋನಿನಲ್ಲಿದ್ದ ಒಂದು ಸುದ್ದಿಯನ್ನು ಮುಂದೆ ಹಿಡಿದ.

"ಇದು ಹೊಸಾ ರೋಗ ಅಕ್ಕ. ಸಿಟಿ ಆಫೀಸಿನಾಗ ಸುರು ಆಗೇತಿ. ಕೆಲಸ ಬಿಡಂಗಿಲ್ಲ, ಕೆಲಸ ಮಾಡಂಗೂ ಇಲ್ಲ. ಎಷ್ಟು ಬೇಕೋ ಅಷ್ಟೇ ಮುಟ್ಟಿಸಿ ಸುಮ್ಮನ ಕೂಡೋದು. ಈ ಹುಡುಗ್ಯಾರು ಫೋನ್ ನೋಡಿ ಕಲ್ತಾರ. ಸುರು ಮಾಡಿದಾಕಿ ಯಾರು ಅನ್ನೋದು ನಂಗ ಬೇಕು. ಒಂದ ಹೆಸರು."

"ನೋಡ್ತೀನ್ರಿ," ಅಂದಳು ಬಸವರಾಜೇಶ್ವರಿ. ತನ್ನ ಕಾಲದಲ್ಲಿ ಹೀಗಿರಲಿಲ್ಲ ಎಂಬುದರಲ್ಲಿ ಅವಳಿಗೆ ಸಂದೇಹವಿರಲಿಲ್ಲ. ಅವಳು ಸೇರಿದಾಗ ಎಲ್ಲರೂ ಮೈಮುರಿದು ದುಡಿಯುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಹೊಲಿದು, ದೊಡ್ಡ ಮಾಲೀಕರ ಕೈಯಿಂದ ಪ್ರೆಷರ್ ಕುಕ್ಕರ್ ಬಹುಮಾನ ಪಡೆದವಳು ಅವಳು. ಅದಾದ ಮೇಲೆ ಸಂಗಡಿಗರು ಹೊಟ್ಟೆಕಿಚ್ಚಿಗೆ ಎರಡು ವರ್ಷ ಅವಳೊಂದಿಗೆ ಸರಿಯಾಗಿ ಮಾತಾಡಿರಲಿಲ್ಲ. ಆಮೇಲೆ ಅವಳು ಸೂಪರ್‌ವೈಸರ್ ಆದಳು.

ಮರುದಿನದಿಂದ ಬಸವರಾಜೇಶ್ವರಿ ಕಣ್ಣಿಟ್ಟಳು. ಊಟದ ಹೊತ್ತಿಗೆ ಬೇವಿನ ಮರದ ಕೆಳಗೆ ಆ ಆರು ಜನ ಕೂತ ಕಡೆ ಸುಮ್ಮನೆ ಸುಳಿದರೆ ಮಾತು ಅಲ್ಲಲ್ಲೇ ನಿಂತುಬಿಡುತ್ತಿತ್ತು. ನೀರು ಕುಡಿಯಲು ಇಬ್ಬರು ಒಟ್ಟಿಗೆ ಎದ್ದರೆ ಅವಳಿಗೂ ಬಾಯಾರಿಕೆಯಾಗುತ್ತಿತ್ತು. ವಿದ್ಯಾಶ್ರೀ ಸಂಜೆ ಬೇರೆ ಶೆಡ್ಡಿಗೆ ಹೊಲಿಯಲು ಹೋಗುತ್ತಿರಬಹುದು, ಅದಕ್ಕೇ ಇಲ್ಲಿ ಕೈ ಉಳಿಸುತ್ತಿದ್ದಾಳೆ ಎಂದು ಒಮ್ಮೆ ಹೊಳೆಯಿತು. ಹೊಳೆದ ದಿನವೇ ಹಿಂದೆ ಬಿದ್ದಳು. ಹುಡುಗಿ ಬಜಾರಿನಲ್ಲಿ ಒಂದು ಕಟ್ಟು ಮೆಂತ್ಯಸೊಪ್ಪು ಕೊಂಡಳು, ಔಷಧದಂಗಡಿಯಲ್ಲಿ ಒಂದು ಮುಲಾಮು ಕೊಂಡಳು, ಗುಮ್ಮಘಟ್ಟದ ಆಟೋ ಹತ್ತಿದಳು. ಬಸವರಾಜೇಶ್ವರಿ ತಲೆಗೆ ಸೆರಗು ಹೊದ್ದು ಅದೇ ಆಟೋದ ಹಿಂದಿನ ಸೀಟಿನಲ್ಲಿ ಇಬ್ಬರು ಕುರಿಗಾರರ ನಡುವೆ ತೂರಿಕೊಂಡಳು. ಊರು ದಾಟಿ ಎರಡು ಮೈಲಿ ಹೋಗಿರಲಿಲ್ಲ, ಮುಂದಿನ ಸೀಟಿನಿಂದ ದನಿ ಬಂತು.

"ಅಕ್ಕ, ಇಲ್ಲೇ ಇಳ್ಕೊಳ್ರಿ. ಎದ್ರಿಗೆ ಬರೋ ಆಟೋ ಹೋತಂದ್ರ ವಾಪಸ್ ಹೋಗಾಕ ಏಳರತನಾ ಮತ್ತೊಂದಿಲ್ಲ."

ವಿದ್ಯಾಶ್ರೀ ಹಿಂದೆ ತಿರುಗಿಯೂ ನೋಡಿರಲಿಲ್ಲ. ಕುರಿಗಾರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಸವರಾಜೇಶ್ವರಿ ಇಳಿದು, ಧೂಳಿನಲ್ಲಿ ನಿಂತು, ಮುಖ ಬಿಸಿಯಾಗಿ, ಬಂದ ಆಟೋ ಹತ್ತಿದಳು. ಏನೂ ಸಿಕ್ಕಿರಲಿಲ್ಲ. ಏನೂ ಸಿಗದಂತೆ ನೋಡಿಕೊಳ್ಳುತ್ತಾರೆಂದರೆ ಏನೋ ಇದೆ ಎಂದೇ ಅವಳ ಮನಸ್ಸು ಹೇಳಿತು.

ಶುಕ್ರವಾರ ಸಿದ್ದರಾಮೇಶ್ ಶೆಡ್ಡಿನ ನಡುವೆ ನಿಂತು ಒಂದು ಮಿಕ್ಸಿಯ ಡಬ್ಬಿ ಎತ್ತಿ ತೋರಿಸಿದ. ಬರುವ ಸೋಮವಾರದಿಂದ ಆರು ದಿನ, ದಿನಕ್ಕೆ ನೂರೈವತ್ತು ಪ್ಯಾಂಟಿಗೆ ಜೇಬು ಹಚ್ಚಿದವರಿಗೆ ಇದು. ಹಿಂಜೇಬಿನ ಸಾಲಿನವರು ತಲೆ ತಗ್ಗಿಸಿ ಹೊಲಿಗೆಗೆ ಮರಳಿದರು. ಸುನೀತಾ ಒಬ್ಬಳೇ ಡಬ್ಬಿಯ ಮೇಲಿನ ಚಿತ್ರವನ್ನು ಕತ್ತು ಉದ್ದ ಮಾಡಿ ನೋಡಿದಳು. ಮಡಕಶಿರಾದಿಂದ ಇಲ್ಲಿಗೆ ಮದುವೆಯಾಗಿ ಬಂದವಳು, ಸಾಲಿಗೆ ಹೊಸಬಳು, ಮೆಷಿನ್ನೊಂದಿಗೆ ಹುಟ್ಟಿದಂಥ ಕೈ ಅವಳದೇ.

ಇಸ್ತ್ರಿ ಮೇಜಿನ ಸಣ್ಣತಿಮ್ಮಪ್ಪ ಶೆಡ್ಡು ಕಟ್ಟಿದಂದಿನಿಂದ ಇದ್ದ ಮುದುಕ. ಹಬೆಯ ನಡುವೆ ಅವನು ನಕ್ಕದ್ದು ಬಸವರಾಜೇಶ್ವರಿಗೆ ಕಾಣಿಸಿತು.

"ಯಾಕ ನಗ್ತೀಯೋ?"

"ಆಗ ಕುಕ್ಕರ್, ಈಗ ಮಿಕ್ಸಿ," ಅಂದ ಅವನು. "ಮಾಲೀಕರು ಇದನ್ನ ಹೊಸದು ಅಂತಾರ. ಏನ್ ಹೊಸದವ್ವ ಇದು? ಆಗೇನು ಎಲ್ಲಾರೂ ನಿನ್ನಂಗ ಹೊಲೀತಿದ್ರು ಅಂದ್ಕೊಂಡೀಯೇನು?"

"ಮತ್ತ?"

"ನಾನು ಇಸ್ತ್ರಿ ತಿಕ್ಕಾಂವ. ನಂಗೇನ್ ಗೊತ್ತು. ಮಂಜುಳಮ್ಮನ್ನ ಕೇಳು, ಇನ್ನಾ ಅದಾಳ ಡಿ. ಹಿರೇಹಾಳಿನಾಗ."

ಮುದುಕನೂ ಅವರ ಜೊತೆ ಸೇರಿ ತನ್ನನ್ನು ಆಡಿಸುತ್ತಿರಬಹುದು ಅನ್ನಿಸಿತು. ಆದರೂ ಆ ಮಾತು ಮುಳ್ಳಿನಂತೆ ಒಳಗೇ ಉಳಿಯಿತು. ಮಂಜುಳಮ್ಮ ಹಿಂದೆ ಅವಳ ಪಕ್ಕದ ಮೆಷಿನ್ನಿನವಳು. ಗಂಡನಿಗೆ ಗಡಿಯಾಚೆ ಕೆಲಸ ಸಿಕ್ಕು ಶೆಡ್ಡು ಬಿಟ್ಟಳೆಂದು ಬಸವರಾಜೇಶ್ವರಿ ನಂಬಿದ್ದಳು. ಯಾರು ಹಾಗೆ ಹೇಳಿದ್ದರು ಎಂದು ಈಗ ನೆನಪು ಮಾಡಿಕೊಳ್ಳಹೋದರೆ ಯಾರ ಮುಖವೂ ಬರಲಿಲ್ಲ. ಭಾನುವಾರ ಬಸ್ಸು ಹತ್ತಿದಳು.

ಮಂಜುಳಮ್ಮ ಮನೆಯ ಮುಂದೆ ಜೋಳ ಹಸನು ಮಾಡುತ್ತ ಕೂತಿದ್ದಳು. ಬಂದವಳನ್ನು ಗುರುತಿಸಿ "ಬರ್ರಿ" ಅಂದಳು. ಹಿಂದೆ ಏಕವಚನದಲ್ಲಿ ಕರೆಯುತ್ತಿದ್ದವಳು. ನೀರು ಕೊಟ್ಟಳು. ಚೊಂಬು ಹಿಡಿದ ಬಲಗೈಯ ತೋರುಬೆರಳು ಮೊದಲ ಗೆಣ್ಣಿನಲ್ಲೇ ಸೊಟ್ಟಗಾಗಿತ್ತು.

"ಮಾಲೀಕರು ಕಳಿಸ್ಯಾರೇನ್ರಿ?"

"ಇಲ್ಲ, ನಾನಽ ಬಂದೀನಿ. ಒಂದು ಮಾತು ಕೇಳಬೇಕಿತ್ತು. ಆಗ ನಾವು ದಿನಕ್ಕ ಎಷ್ಟು ಹೊಲೀತಿದ್ವಿ?"

ಮಂಜುಳಮ್ಮ ಮೊರವನ್ನು ಕೆಳಗಿಟ್ಟಳು. ಅವಳ ಮುಖವನ್ನೇ ನೋಡಿದಳು, ಇದರ ಹಿಂದೆ ಏನಿದೆ ಎಂದು ಅಳೆಯುವವಳಂತೆ.

"ಎಂಬತ್ತು. ದೊಡ್ಡ ಮಾಲೀಕರು ಹಾಕಿದ್ದ ಟಾರ್ಗೆಟ್ ಎಂಬತ್ತು. ನಾವು ಎಂಬತ್ತೇ ಹೊಲೀತಿದ್ವಿ. ನೂರು ಆಗ್ತಿತ್ತು, ನಮ್ಮ ಕೈಲೆ ಆಗ್ತಿತ್ತು. ಆದ್ರ ನೂರು ತೋರ್ಸಿದ್ರ ನಾಳಿಗೆ ನೂರಽ ಟಾರ್ಗೆಟ್. ಸಾಲಿನಾಗ ಇಬ್ಬರು ಬಸುರ್ಯಾರಿದ್ರು, ವಯಸ್ಸಾದಾಕಿ ಎರ್ರಮ್ಮ ಇದ್ಲು. ಅವ್ರ ಗತಿ? ಅದಕ್ಕ ಎಂಬತ್ತಕ್ಕ ಸೂಜಿ ಮುರೀತಿದ್ವಿ, ದಾರ ತುಂಡು ಮಾಡಿ ಹುಡುಕ್ತಿದ್ವಿ. ಗಂಟೆ ಹೊಡಿಯೋತನಾ ಹಂಗಽ ದೂಡ್ತಿದ್ವಿ."

"ನಂಗ ಯಾರೂ ಹೇಳ್ಲಿಲ್ಲ."

"ನಿಮಗ ಹೆಂಗ ಹೇಳೋದು? ದೊಡ್ಡ ಮಾಲೀಕರ ಕಡೆಯಿಂದ ಬಂದ ಹುಡುಗಿ ನೀವು, ಅವರ ಹೆಂಡ್ತಿ ಕೊಟ್ಟ ಶಿಫಾರಸು ಚೀಟಿ ಹಿಡ್ಕೊಂಡು ಬಂದಾಕಿ. ನಮ್ಮನ್ನ ನೋಡಾಕ ಇಟ್ಟಾರ ಅಂದ್ಕೊಂಡ್ವಿ." ಮಂಜುಳಮ್ಮನ ದನಿಯಲ್ಲಿ ಕೋಪವಿರಲಿಲ್ಲ. "ಕುಕ್ಕರ್ ಆಸೆಗೆ ನೀವು ದಿನಾ ನೂರಿಪ್ಪತ್ತು ಹೊಲದ್ರಿ. ಮುಂದಿನ ತಿಂಗಳು ಎಲ್ಲಾರಿಗೂ ನೂರಿಪ್ಪತ್ತು ಅಂತ ಬೋರ್ಡ್ ಬಿತ್ತು. ಎರ್ರಮ್ಮ ಎರಡು ವಾರಕ್ಕ ಮನಿಗೆ ಹೋದ್ಲು. ನಾ ಅವಸರಕ್ಕ ಬಿದ್ದು ಬಟ್ಟಿ ಜೊತಿ ಬೆರಳೂ ಸೂಜಿಗೆ ಕೊಟ್ಟೆ."

ಬಸವರಾಜೇಶ್ವರಿಗೆ ಆ ದಿನ ನೆನಪಿತ್ತು. ಪಕ್ಕದಲ್ಲಿ ಯಾರೋ ಕೂಗಿದ್ದು, ತಾನು ಕೈಯಲ್ಲಿದ್ದ ಪ್ಯಾಂಟು ಮುಗಿಸಿ ಆಮೇಲೆ ಎದ್ದದ್ದು. ಅದನ್ನು ಅವಳು ಹೇಳಲಿಲ್ಲ. "ನಂಗ ಗೊತ್ತಿರಲಿಲ್ಲ ಮಂಜುಳಮ್ಮ," ಅಂದಳು.

"ಗೊತ್ತಿದ್ರ ನಿಲ್ತಿದ್ರೇನ್ರಿ?"

ಬಸವರಾಜೇಶ್ವರಿ ಚೊಂಬನ್ನು ಕೆಳಗಿಟ್ಟು ಎದ್ದಳು. ಆ ಕಾಲಕ್ಕೆ ಅವಳ ವಯಸ್ಸು ಇಪ್ಪತ್ತೆರಡು, ಕುಕ್ಕರ್ ಹೊಳೆಯುತ್ತಿತ್ತು. ಬಸ್ಸಿನಲ್ಲಿ ಮರಳುವಾಗ ಎರಡು ವರ್ಷದ ಆ ಮೌನವನ್ನು ಮತ್ತೆ ಮತ್ತೆ ತಿರುಗಿಸಿ ನೋಡಿದಳು. ಹೊಟ್ಟೆಕಿಚ್ಚು ಎಂದು ಇಷ್ಟು ದಿನ ಎದೆಗೆ ಅಂಟಿಸಿಕೊಂಡು ತಿರುಗಿದ್ದು ಬೇರೆಯೇ ಏನೋ ಆಗಿತ್ತು.

ಸೋಮವಾರ ಸುನೀತಾ ನೂರೈವತ್ತೊಂದು ಹಚ್ಚಿದಳು. ಉಳಿದ ಐವರು ನೂರಿಪ್ಪತ್ತು. ಸಿದ್ದರಾಮೇಶ್ ಎರಡು ಸಲ ಬಂದು ಅವಳ ಮೆಷಿನ್ನಿನ ಬಳಿ ನಿಂತು ಹೋದ. ಮಂಗಳವಾರ ಚಹಾದ ಹೊತ್ತಿಗೆ ಬಸವರಾಜೇಶ್ವರಿ ಅವಳನ್ನು ದಾರದ ಕೋಣೆಗೆ ಕರೆದಳು.

"ನಿನಗ ಮಿಕ್ಸಿ ಸಿಗತೈತಿ," ಅಂದಳು ಮೆಲ್ಲಗೆ. "ಸಿಕ್ಕ ಮ್ಯಾಲ ಬೋರ್ಡಿನ ಮ್ಯಾಲ ನೂರೈವತ್ತು ಅಂತ ಬೀಳತೈತಿ. ಎಲ್ಲಾರಿಗೂ. ಮೊಣಕೈ ನೋವಿನ ಆದಿಲಕ್ಷ್ಮಿ ಅದಾಳಲ್ಲ, ಮೊದಲು ಆಕಿ ಹೋಗ್ತಾಳ. ಮುಂದ ನಿನಗೂ ಬಸುರು ಬಾಣಂತನ ಬರತೈತಿ, ಆವತ್ತೂ ನೂರೈವತ್ತೇ."

ಸುನೀತಾ ಬಾಗಿಲ ಕಡೆ ಒಮ್ಮೆ ನೋಡಿದಳು. "ಯಾಕಕ್ಕ ನೀವ್ ಇದ್ನ ನಂಗೇಳ್ತಿರಾದು? ಮಾಲೀಕ್ರು ನನ್ನ ಟೆಸ್ಟ್ ಮಾಡಾಕೆ ಕಳಿಸವ್ರಾ?"

"ಇಲ್ಲವ್ವ."

"ಮತ್ತೆ ನೀವು ಮಾಲೀಕ್ರ ಕಡೆಯೋರಲ್ವಾ? ಎಲ್ಲಾರೂ ಅಂಗೇ ಅಂತಾರೆ. ನಾನು ನಿಲ್ಸಿದ್ರೆ, ನೋಡು ಇವ್ಳೂ ಅವ್ರ ಗುಂಪೇ ಅಂತ ಓಗಿ ಏಳ್ತೀರ. ನಂಗೆ ಬ್ಯಾಡಪ್ಪ ಇದೆಲ್ಲ."

ಹೊರಗೆ ಹೋಗಿ ಮೆಷಿನ್ನಿಗೆ ಕೂತಳು. ಆ ದಿನ ನೂರೈವತ್ತು. ಬುಧವಾರ, ಬೇಕೆಂದೇ ಎಂಬಂತೆ, ನೂರೈವತ್ತಮೂರು. ಬುಧವಾರ ಸಂಜೆ ಗೇಟಿನ ಬಳಿ ವಿದ್ಯಾಶ್ರೀ ಮತ್ತು ಸುನೀತಾ ನಿಂತು ಮಾತಾಡುತ್ತಿದ್ದುದು ಕಾಣಿಸಿತು. ಮಾತಾಡುತ್ತಿದ್ದವಳು ವಿದ್ಯಾಶ್ರೀ, ಸುನೀತಾ ನೆಲ ನೋಡುತ್ತಿದ್ದಳು. ಬಸವರಾಜೇಶ್ವರಿ ಹತ್ತಿರ ಹೋಗಲಿಲ್ಲ. ಹೋದರೆ ಮಾತು ನಿಲ್ಲುತ್ತದೆಂದು ಗೊತ್ತಿತ್ತು.

ಗುರುವಾರ ನಾಲ್ಕೂವರೆಗೇ ಸುನೀತಾಳ ಮೆಷಿನ್ ಸುಮ್ಮನಾಯಿತು. ಪಕ್ಕದಲ್ಲಿ ಹನ್ನೆರಡು ಕಟ್ಟು.

ಸಿದ್ದರಾಮೇಶ್ ಗಾಜಿನ ಕೋಣೆಯ ಬಾಗಿಲು ಮುಚ್ಚಿಕೊಂಡು ಕೇಳಿದ. "ಯಾರು ಅಕ್ಕ? ಮೂರು ದಿನ ಹೊಲದಾಕಿ ನಾಲ್ಕನೇ ದಿನ ಯಾಕ ನಿಂತ್ಲು? ನೀವು ದಾರದ ಕ್ವಾಣಿಯಾಗ ಆಕಿ ಜೊತಿ ಏನ್ ಮಾತಾಡಿದ್ರಿ?"

ಹಾಗಾದರೆ ತನ್ನ ಮೇಲೂ ಯಾರೋ ಕಣ್ಣಿಟ್ಟಿದ್ದರು. ಯಾರು? ಕಟಿಂಗ್ ಮೇಜಿನವನೇ? ಸುನೀತಾಳೇ ಹೇಳಿರಬಹುದೇ? ಇಷ್ಟು ದಿನ ತಾನು ಉಳಿದವರನ್ನು ನೋಡಿದ ಹಾಗೇ ಈಗ ಒಬ್ಬೊಬ್ಬರ ಮುಖವೂ ಅವಳ ಮನಸ್ಸಿನಲ್ಲಿ ಹಾದುಹೋಯಿತು. ಈ ಅನುಮಾನ ಇನ್ನು ಸಾಕು ಅನ್ನಿಸಿತು.

"ಹೆಸರು ಇಲ್ರಿ," ಅಂದಳು. "ನೂರಿಪ್ಪತ್ತು ಅಂತ ಬೋರ್ಡಿನ ಮ್ಯಾಲ ನಿಮ್ಮ ತಂದೆಯವರೇ ಬರಸ್ಯಾರ. ಹುಡುಗ್ಯಾರು ನೂರಿಪ್ಪತ್ತು ಹೊಲದು ಕೊಟ್ಟಾರ. ಒಂದು ಹೊಲಿಗಿ ಬಿಚ್ಚಿಲ್ಲ, ನಾನಽ ಎಳದು ನೋಡೀನಿ. ಇದು ಹೊಸದೂ ಅಲ್ರಿ. ಎಂಬತ್ತಿದ್ದಾಗ್ಲೂ ಹಿಂಗಽ ಇತ್ತು. ನಂಗ ಗೊತ್ತಿರ್ಲಿಲ್ಲ, ಅಷ್ಟಽ."

"ಅಂದ್ರ ನೀವೂ ಅವರ ಜೊತಿ."

"ಅವರನ್ನ ಕೇಳ್ರಿ. ಹಂಗ ಅನ್ನಂಗಿಲ್ಲ ಅವರು."

ಮುಂದಿನ ಸೋಮವಾರ ಸೂಪರ್‌ವೈಸರ್ ಕುರ್ಚಿಯಲ್ಲಿ ಸಿದ್ದರಾಮೇಶನ ಚಿಕ್ಕಪ್ಪನ ಮಗ ನಾಗಾರ್ಜುನ ಕೂತಿದ್ದ. ಮಿಕ್ಸಿಯ ಡಬ್ಬಿ ಕೋಣೆಯ ಕಪಾಟಿನ ಮೇಲೆ ಹಾಗೇ ಇತ್ತು. ಬಸವರಾಜೇಶ್ವರಿಗೆ ಹಿಂಜೇಬಿನ ಸಾಲಿನ ಕೊನೆಯಲ್ಲಿ ಏಳನೆಯ ಮೆಷಿನ್ ಕೊಟ್ಟರು. ಬಿಟ್ಟುಹೋಗಲಿ ಎಂದೇ ಕೊಟ್ಟದ್ದು, ಅವಳಿಗೂ ತಿಳಿಯಿತು. ಅವಳು ಕೂತಳು. ಕಾಲು ಪೆಡಲನ್ನು ಮರೆತಿರಲಿಲ್ಲ, ಕಣ್ಣು ಮಾತ್ರ ಸೂಜಿಯನ್ನು ಹುಡುಕುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದವರೆಗೆ ನಲವತ್ತೊಂದು ಆಯಿತು. ಸಂಜೆಗೆ ನೂರಿಪ್ಪತ್ತು ಮುಟ್ಟುವುದೇ ಅನುಮಾನವಿತ್ತು.

ಊಟದ ಗಂಟೆ ಹೊಡೆದಾಗ ಡಬ್ಬಿ ಹಿಡಿದು ಬೇವಿನ ಮರದ ಕಡೆ ನಡೆದಳು. ವಿದ್ಯಾಶ್ರೀ ತನ್ನ ಚೀಲವನ್ನು ಪಕ್ಕಕ್ಕೆ ಎಳೆದುಕೊಂಡು ಜಾಗ ಮಾಡಿದಳು. ಆದಿಲಕ್ಷ್ಮಿ ಸ್ವಲ್ಪ ಸರಿದಳು. ದೂರದಿಂದ ಕೇಳಿಸುತ್ತಿದ್ದ ಮಾತು ಅವಳು ಕೂತೊಡನೆ ನಿಂತಿತು. ಯಾರೂ ಒರಟಾಗಿ ನಡೆದುಕೊಳ್ಳಲಿಲ್ಲ. ಒಬ್ಬಳು ಉಪ್ಪಿನಕಾಯಿ ಮುಂದೆ ಚಾಚಿದಳು. ಸುನೀತಾ ರೊಟ್ಟಿ ಮುರಿಯುತ್ತ ಅವಳತ್ತ ಒಂದು ಸಲ ನೋಡಿ ಕಣ್ಣು ತೆಗೆದಳು.

"ಬಿಸಿಲು ಬಾಳ ಆತು ಈ ಸಲ," ಅಂದಳು ಆದಿಲಕ್ಷ್ಮಿ, ಯಾರಿಗೆಂದಿಲ್ಲ.

"ಹೌದ್ರಿ, ಬಾಳ ಆತು," ಎಂದು ಬಸವರಾಜೇಶ್ವರಿ ಉಪ್ಪಿನಕಾಯಿ ಹಾಕಿಕೊಂಡಳು.